ಗೋಡೆ ಬದಿಯ ಮಕ್ಕಳು

ಹೂವಪ್ಪನಿಗೆ ಮಕ್ಕಳನ್ನು ಹೊಡೆಯುವುದೆಂದರೆ ಆಗುತ್ತಿರಲಿಲ್ಲ. ಸೊರಬದ ಕಡೆಯ ಹಳ್ಳಿಯಲ್ಲಿ ಓದುವಾಗ ತಿಂದ ಏಟಿಗೆ ಅವನ ಎಡಗಿವಿ ಕೇಳಿಸದಂತಾಗಿತ್ತು. ತೊಗರ್ಸಿಯ ಆಚೆಗಿನ ಒಂದೂರಿಗೆ ಮೇಷ್ಟ್ರಾಗಿ ಬಂದ ಮೇಲೆ ಅವನು ಬೆತ್ತ ಮುಟ್ಟಿದವನಲ್ಲ. ಆದರೆ ೧೯೫೮ರಲ್ಲಿ ಟ್ರೈನಿಂಗಿಗೆ ಹೋದಾಗ, ಕಲಿಕೆಯ ಬಗ್ಗೆ ಒಂದು ಶೋಧನೆ ಮಾಡಿ ಬರೆದುಕೊಡಬೇಕೆಂದರು. ಅದು ಪಾಸಾಗದಿದ್ದರೆ ನೌಕರಿ ಕಾಯಂ ಆಗುವಂತಿರಲಿಲ್ಲ.

"ಏಟಿಲ್ಲದೆ ಮಗ್ಗಿ ಬರುತ್ತಾ ಅಂತ ನೋಡ್ತೀನಿ ಸಾರ್. ಮಕ್ಕಳ ಪಕ್ಕ ಕೂತು, ಅವರನ್ನೇ ಕೇಳಿ..." ಎಂದ.

ಅಲ್ಲಿನ ಉಪಾಧ್ಯಾಯ ಮಹೇಶ್ವರಪ್ಪ ನಕ್ಕರು. "ಕೇಳಿದ್ದೆಲ್ಲ ಶೋಧನೆಯಾದ್ರೆ ಕಟ್ಟೆ ಮೇಲಿನ ಹರಟೇನೂ ಶೋಧನೆಯೇ ಕಣಯ್ಯ. ಚೀಟಿ ಎತ್ತಿ ಮಕ್ಕಳನ್ನ ಎರಡು ಗುಂಪು ಮಾಡು. ತಪ್ಪಿದ್ರೆ ಒಂದಕ್ಕೆ ಏಟು, ಇನ್ನೊಂದಕ್ಕಿಲ್ಲ. ಕೊನೆಗೆ ಪರೀಕ್ಷೆ. ಹೋಲಿಸೋಕೆ ಏನೂ ಇಲ್ದೆ ಬಂದ್ರೆ ನಾನು ಸಹಿ ಹಾಕೋದಿಲ್ಲ."

ಏಟು ಬೇಡವೆಂದು ತೋರಿಸಲು ಮೊದಲು ಏಟು ಹಾಕಬೇಕಾಯಿತು. ತನ್ನ ಶಾಲೆಗೆ ಮರಳಿ ಚೀಟಿ ಎತ್ತಿ, ಏಟಿನ ಗುಂಪನ್ನು ಕಿಟಕಿಯ ಬದಿಗೆ ಕೂರಿಸಿದ, ಉಳಿದವರನ್ನು ಗೋಡೆಯ ಬದಿಗೆ. ಮೊದಲ ದಿನ ಲಕ್ಕಿ ಗಿಡದ ಕೋಲು ಬೀಸಿ, ಹೊರಗೆ ಹೋಗಿ ವಾಂತಿ ಮಾಡಿದ. ಕೆಲವು ದಿನ ಕಳೆಯುವಷ್ಟರಲ್ಲಿ ಕೈ ತಾನಾಗಿಯೇ ಏಳತೊಡಗಿತು. ಊರ ಒಡೆಯರ ಮಗ ಗೌರೀಶಂಕರನ ಅಂಗೈ ಸೀಳಿ ರಕ್ತ ಬಂದ ದಿನ ಹೂವಪ್ಪ ಹೊಟ್ಟೆ ತುಂಬ ಉಂಡ. ಕೈ ತೊಳೆಯುವಾಗ, ರಕ್ತ ಕಂಡೂ ಉಂಡೆನೆಂಬುದು ಹೊಳೆದು ತನಗೆ ತಾನೇ ಹೆದರಿದ.

ವಿಚಿತ್ರವೆಂದರೆ ಗೋಡೆ ಬದಿಯವರೂ ಮಗ್ಗಿಯನ್ನು ನೀರು ಕುಡಿದಂತೆ ಒಪ್ಪಿಸುತ್ತಿದ್ದರು. ಎಲ್ಲರಿಗಿಂತ ಮುಂದೆ ಗೇಣಿದಾರ ಜಟ್ಟಪ್ಪನ ಮಗ ಯಲ್ಲಪ್ಪ. ಗೆದ್ದೆನೆಂದುಕೊಂಡ ಹೂವಪ್ಪ ಅವನ ಬೆನ್ನು ತಟ್ಟಿದ. ಹುಡುಗ ಕಿರುಚಿ ಕುಸಿದ. ಅಂಗಿ ಎತ್ತಿ ನೋಡಿದರೆ ಬೆನ್ನ ತುಂಬ ಬಾಸುಂಡೆ. ಒಂದೆರಡು ಕೀವುಗಟ್ಟಿದ್ದವು.

"ಯಾರೋ ಹೊಡೆದದ್ದು?"

"ಅಪ್ಪ. ನೀವು ಹೊಡಿಯಂಗಿಲ್ಲಲ್ರೀ, ಅದಕ್ಕೆ."

ಪಕ್ಕದ ಹುಡುಗರೂ ಕೇಳದೆಯೇ ಅಂಗಿ ಎತ್ತಿದರು.

ಶಾಲೆ ಬಿಟ್ಟೊಡನೆ ಹೂವಪ್ಪ ಹುಡುಗನನ್ನು ಕರೆದುಕೊಂಡು ಜಟ್ಟಪ್ಪನ ಕಣಕ್ಕೆ ಹೋದ. ಜಟ್ಟಪ್ಪ ಬಡಿಗೆ ಹಿಡಿದು ಗೂಟ ಹೊಡೆಯುತ್ತಿದ್ದ. ಮಗನ ಹಿಂದೆ ಮೇಷ್ಟ್ರನ್ನು ಕಂಡವನೇ, "ಮಗ್ಗಿ ತಪ್ಪಿ ಬಂದೀಯೇನಲೇ?" ಎಂದು ಹುಡುಗನ ಹೊಟ್ಟೆಗೆ ಒದ್ದ.

"ಬಿಡೋ ಜಟ್ಟಪ್ಪ! ಅವನಿಗೆ ಮಗ್ಗಿ ಬರುತ್ತೆ!"

"ಬರ್ದೇ ಏನ್ರೀ, ನಾ ಬರಿಸೀನಿ. ಒಡೇರ ಮಗನ್ನ ಬಡಿದು ಬಡಿದು ತಿದ್ತೀರಿ, ನನ್ ಮಗನ ಮೇಲೆ ಒಂದೇಟು ಹಾಕಂಗಿಲ್ಲ. ಎತ್ತಿಗಾದ್ರೂ ಹೊಡೀತಾರ್ರೀ, ದಾರಿಗೆ ಬರ್ಲಿ ಅಂತ. ಇವ ಎತ್ತಿಗಿಂತ ಕಡೇನೇನು?"

"ಹಂಗಲ್ಲಪ್ಪ. ಇದು ಶೋಧನೆ. ಹೊಡೆದ್ರೆ ಕಲೀತಾರೋ, ಹೊಡೀದಿದ್ರೋ ಅಂತ... ಯಾರಿಗೆ ಹೊಡೀಬೇಕು ಅಂತ ಚೀಟಿ ಎತ್ತಿದ್ದೆ."

ಜಟ್ಟಪ್ಪ ಬಡಿಗೆಯನ್ನು ಬಿಗಿಯಾಗಿ ಹಿಡಿದ. "ಚೀಟಿ ಎತ್ತಿದ್ರಾ? ನಮ್ ಮಕ್ಕಳ ಮೈಮ್ಯಾಲೆ?"

ಬಡಿಗೆ ಬೀಸಿ ಬಂತು. ಅಡ್ಡ ಹಿಡಿದ ಹೂವಪ್ಪನ ಬಲಗೈ ಒಣಪುಳ್ಳೆಯಂತೆ ಲಟಕ್ಕೆಂದಿತು. ಎರಡನೆಯದು ಭುಜಕ್ಕೆ ಬಿತ್ತು. ಅವನು ಮಣ್ಣಿಗೆ ಬಿದ್ದ. ಬಡಿಗೆ ಮತ್ತೆ ಮೇಲೆದ್ದಾಗ ಯಲ್ಲಪ್ಪ ಅಪ್ಪನ ಕಾಲನ್ನು ತಬ್ಬಿ, ಗಂಟಲು ಹರಿಯುವಂತೆ ಕೂಗತೊಡಗಿದ:

"ಹದಿಮೂರ್ ಒಂದ್ಲ ಹದಿಮೂರು! ಹದಿಮೂರ್ ಎರಡ್ಲ ಇಪ್ಪತ್ತಾರು! ಹದಿಮೂರ್ ಮೂರ್ಲ..."

ಏಟು ನಿಲ್ಲಿಸಲು ಆ ಮಗುವಿಗೆ ಗೊತ್ತಿದ್ದ ಉಪಾಯ ಅದೊಂದೇ. ಜಟ್ಟಪ್ಪನ ಕೈ ಮೇಲೆಯೇ ನಿಂತಿತು. ಆಮೇಲೆ ಬಡಿಗೆಯನ್ನು ದೂರ ಎಸೆದು, ಕಣದ ನಡುವೆ ಕುಕ್ಕರುಗಾಲಲ್ಲಿ ಕೂತು ಅಳತೊಡಗಿದ. ಹುಡುಗ ಮಾತ್ರ ಮಗ್ಗಿ ನಿಲ್ಲಿಸಲಿಲ್ಲ.

ದಬ್ಬೆ ಕಟ್ಟಿದ ಕೈಯಲ್ಲೇ ಹೂವಪ್ಪ ಮಕ್ಕಳ ನಡುವೆ ನೆಲಕ್ಕೆ ಕೂತು, ಯಾರು ಯಾಕೆ ಹೊಡೆಯುತ್ತಾರೆಂದು ಒಬ್ಬೊಬ್ಬರನ್ನೂ ಕೇಳಿದ. ಕೇಳಿದ್ದನ್ನು ಎಡಗೈಯಲ್ಲಿ ಸೊಟ್ಟಸೊಟ್ಟ ಬರೆದ. ತಾನು ಹೊಡೆದದ್ದನ್ನೂ ಬಿಡಲಿಲ್ಲ.

ಮಹೇಶ್ವರಪ್ಪ ಹಾಳೆ ತಿರುವಿ ಕೇಳಿದರು: "ಏಟು ತಿನ್ನದ ಗುಂಪೆಲ್ಲಯ್ಯ?"

"ಹುಡುಕಿದೆ ಸಾರ್. ಊರಲ್ಲಿ ಸಿಗಲಿಲ್ಲ."

ಅವರು ಸಹಿ ಹಾಕಲಿಲ್ಲ. ಹೂವಪ್ಪ ಹಂಗಾಮಿ ಮೇಷ್ಟ್ರಾಗಿಯೇ ಉಳಿದ.