ಅಪ್ಪ ಕಲಿಸಿದ ಹಿಡಿತ

ಮಕ್ಕಳಿಗೆ ಬರೆಯಲು ಯಾಕೆ ಕಷ್ಟವಾಗುತ್ತದೆ ಎಂದು ಶಾಲೆಗಳಿಗೆ ಹೋಗಿ ನೋಡುವುದು ನನ್ನ ಕೆಲಸ. ಇವತ್ತು ಆಂಡರ್ಸನ್‌ಪೇಟೆಯಲ್ಲಿ ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ನೋಟ್‌ಬುಕ್ ತೆರೆದೆ. ಹಾಳೆಯ ಹಿಂಬದಿ ಸವರಿದರೂ ಅಕ್ಷರಗಳು ಬೆರಳಿಗೆ ಸಿಗುತ್ತಿದ್ದವು. ಅಷ್ಟು ಒತ್ತಿ ಬರೆದಿದ್ದಳು.

ನನ್ನ ನೋಟ್‌ಬುಕ್ಕೂ ಹೀಗೇ ಇತ್ತು. ಊರಿಗಾಂನಲ್ಲಿ ಗಣಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ್ದ ಲೈನ್ ಮನೆಯ ಹೊಸ್ತಿಲಲ್ಲಿ ಕೂತು ನನಗೆ ಪೆನ್ಸಿಲ್ ಹಿಡಿಯಲು ಕಲಿಸಿದ್ದು ಅಪ್ಪ. ಅವರು ಪೆನ್ಸಿಲ್ ಹಿಡಿದವರೇ ಅಲ್ಲ. ಗಣಿಯೊಳಗೆ ಬಂಡೆ ಕೊರೆಯುತ್ತಿದ್ದರು. ಕೊರೆಯುವ ಮಿಷನ್ ಹಿಡಿದಂತೆ ನನ್ನ ಹೆಬ್ಬೆರಳನ್ನು ಒಳಗೆ ಮಡಚಿ, ಮುಷ್ಟಿ ಮುಚ್ಚಿ, "ಬಿಗಿಯಾಗಿ ಇಡ್ಕೋಮ್ಮಾ. ಸಡಿಲ ಬಿಟ್ರೆ ಜಾರೋಗ್ತದೆ" ಎನ್ನುತ್ತಿದ್ದರು.

ಹಾಳೆ ಹರಿಯುತ್ತಿತ್ತು. ಟೀಚರ್ ಹಾಳೆ ನೋಡಿದರು, ಕೈ ನೋಡಲಿಲ್ಲ. "ಅಕ್ಷರ ನೆಟ್ಟಗಾಗೋವರೆಗೂ ಹಿಂದೆ ಒಬ್ಬಳೇ ಕೂತ್ಕೋ" ಎಂದರು. ವರ್ಷವಿಡೀ ಕೂತೆ. ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ಅಪ್ಪ ಕೇಳಿದಾಗಲೆಲ್ಲ ಬಾಯಿಗೆ ಬಂದ ಹೆಸರು ಹೇಳುತ್ತಿದ್ದೆ.

ಇವತ್ತು ಆ ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿ, ಬರೆಸಿ, ಕಳಿಸಿದೆ. ಆಮೇಲೆ ವರದಿಗೆ ಸಹಿ ಹಾಕುವಾಗ ನೋಡಿದರೆ, ನನ್ನ ಹೆಬ್ಬೆರಳು ಈಗಲೂ ಒಳಗೇ ಮಡಚಿಕೊಂಡಿತ್ತು. ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಅದನ್ನು ಬಿಡಿಸಲು ಮನಸ್ಸಾಗಲಿಲ್ಲ.