ಟ್ರಂಕಿನಲ್ಲಿದ್ದ ನೀಲಿ ಬಟ್ಟೆ

ಮಕ್ಕಳೇ, ನಿಮ್ಮಜ್ಜ ತೀರಿಹೋದ ವರ್ಷ ನಿಮ್ಮಮ್ಮ ಬೈಯಪ್ಪನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ ಓದುತ್ತಿದ್ದಳು. ಸಮವಸ್ತ್ರಕ್ಕೆಂದು ಶಾಲೆಯವರು ನೀಲಿ ಬಟ್ಟೆ ಕೊಟ್ಟಿದ್ದರು. ಹೊಲಿಸಲು ನನ್ನ ಕೈಯಲ್ಲಿ ಕಾಸಿಲ್ಲದೆ ಅದು ಟ್ರಂಕಿನಲ್ಲೇ ಉಳಿದಿತ್ತು. ಸಮವಸ್ತ್ರ ಇಲ್ಲದವರು ಸ್ವಾತಂತ್ರ್ಯ ದಿನ ಹಾಡುವಂತಿಲ್ಲ ಎಂದು ಕೇಳಿ ಅವಳು ಊಟ ಬಿಟ್ಟು ಕುಳಿತಳು.

ಆ ವಾರ ಶಾಲೆಯಲ್ಲಿ ತಾಯಂದಿರ ಸಭೆ ಇತ್ತು. ಬಡಮಕ್ಕಳಿಗೆಂದು ಹೆಚ್ಚಿನ ಅನುದಾನ ಬಂದಿದೆ, ಬ್ಯಾಗು ಕೊಡಿಸೋಣ ಎಂದರು ಹೆಡ್‌ಮೇಡಂ. ಸಭೆಯಲ್ಲಿ ನಾನೆಂದೂ ಬಾಯಿ ಬಿಟ್ಟವಳಲ್ಲ. ಅಂದು ಗೋಡೆ ಹಿಡಿದುಕೊಂಡು ಎದ್ದು ನಿಂತೆ.

"ಬ್ಯಾಗ್ ಬ್ಯಾಡ್ರೀ ಮೇಡಂ. ಅರಿವಿ ಕೊಟ್ಟೀರಿ, ಹೊಲಿಸಾಕ ರೊಕ್ಕ ಇಲ್ರೀ."

"ನಮ್ಮನ್ಯಾಗ ಅದು ತಲೆದಿಂಬ ಆಗಿ ಮಲಗೈತ್ರೀ," ಎಂದಳು ಪಕ್ಕದವಳು. ಎಲ್ಲರೂ ನಕ್ಕರು.

"ಮೊದ್ಲೇ ಹೇಳ್ಬಾರ್ದೇನಮ್ಮ? ಯೂನಿಫಾರಂ ಹಾಕ್ಕೊಂಡು ಬಂದಿಲ್ಲ ಅಂತ ನಾನು ಮಕ್ಕಳನ್ನ ಬೈತಾನೇ ಇದ್ನಲ್ಲ," ಎಂದರು ಮೇಡಂ.

ಆ ಹಣದಲ್ಲಿ ಹಲಸೂರಿನ ದರ್ಜಿಯೊಬ್ಬರು ಶಾಲೆಯ ಜಗಲಿಗೇ ಮಷೀನು ತಂದು ಕೂತರು. ದಿಂಬಿನ ಬಟ್ಟೆಯೂ ಒಗೆಸಿಕೊಂಡು ಬಂತು. ಮುಂದಿನ ವರ್ಷಕ್ಕೂ ಆಗಲೆಂದು ತಾಯಂದಿರೆಲ್ಲ ದೊಡ್ಡ ಅಳತೆಯನ್ನೇ ಹೇಳಿದೆವು. ಸ್ವಾತಂತ್ರ್ಯ ದಿನ ನಿಮ್ಮಮ್ಮ ಜಾರುವ ಲಂಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮುಂದಿನ ಸಾಲಿನಲ್ಲಿ ನಿಂತು ಹಾಡಿದಳು.