ಖಾಲಾನ ಹಳದಿ ಹಕ್ಕಿ

ಕಳೆದ ವಾರ ತೊಗರಿಬೇಳೆ ತರಲು ಕಲಬುರಗಿಯ ನೆಹರು ಗಂಜ್‌ಗೆ ಹೋಗಿದ್ದೆ. ಅಂಗಡಿಯವರು ನವಣೆಯ ಚೀಲ ಬಿಚ್ಚಿದರು. ಹೊಟ್ಟಿನ ಒಣ ವಾಸನೆ ಮೂಗಿಗೆ ಬಡಿದು, ಏನು ಕೊಳ್ಳಲು ಬಂದೆನೆಂಬುದೇ ಮರೆತುಹೋಯಿತು. ಖಾಲಾನ ಮನೆಯಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು...

ಸ್ಟೇಶನ್ ಬಜಾರದ ಓಣಿಯಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಅವಳದು. ನಮಗೆ ಸಂಬಂಧಿಕಳಲ್ಲ, ಓಣಿಯ ಎಲ್ಲರಿಗೂ ಅವಳು ಖಾಲಾ, ಚಿಕ್ಕಮ್ಮ. ಮದುವೆಯಾಗಿರಲಿಲ್ಲ. ಸೀರೆಗಳಿಗೆ ಫಾಲ್ ಹಚ್ಚಿ, ಪಿಕೋ ಮಾಡಿ ಬದುಕುತ್ತಿದ್ದಳು. ಹೊಲಿಗೆ ಮಷೀನಿನ ಪಕ್ಕದ ಪಂಜರದಲ್ಲಿ ನವಣೆ ತಿನ್ನುವ ಎರಡು ಲವ್ ಬರ್ಡ್ಸ್, ಒಂದು ಹಸಿರು, ಒಂದು ಹಳದಿ. ಅವು ಗದ್ದಲ ಮಾಡಿದರೆ, "ಸುಮ್ಮನ ಕೂಡ್ರಿ, ಗಿರಾಕಿ ಬಂದಾರ" ಎಂದು ಗದರುತ್ತಿದ್ದಳು.

ನಾನು ಬಿ.ಎ. ಓದುತ್ತಿದ್ದ ಒಂದು ಮೇ ತಿಂಗಳಲ್ಲಿ, ಕಮಲಾಪುರದಲ್ಲಿದ್ದ ಅವಳ ಅಕ್ಕ ಹಾಸಿಗೆ ಹಿಡಿದಳು. "ನಾಕ ದಿನ ನೋಡ್ಕೋ ಬೇಟಾ. ಬಿಸಲಾಗ ಇಡಬ್ಯಾಡ" ಎಂದು ಪಂಜರವನ್ನು ನನ್ನ ಕೈಗಿತ್ತು ಹೋದಳು.

ಮೂರನೆಯ ದಿನ ಬೆಳಿಗ್ಗೆ ಗಾಳಿಗಿರಲಿ ಎಂದು ಪಂಜರವನ್ನು ಮಾಳಿಗೆಯ ಮೇಲಿಟ್ಟೆ. ಗೆಳತಿ ಕರೆದಳೆಂದು ಹಾಗೆಯೇ ಹೊರಟುಬಿಟ್ಟೆ. ಮರಳಿದಾಗ ಮಧ್ಯಾಹ್ನ ಎರಡು ದಾಟಿತ್ತು. ಹಸಿರು ಹಕ್ಕಿ ಕೊಕ್ಕು ತೆರೆದು ಪಂಜರದ ತಳದಲ್ಲಿ ಬಿದ್ದಿತ್ತು. ನೀರಿನ ಬಟ್ಟಲು ಒಣಗಿತ್ತು. ಹಳದಿ ಹಕ್ಕಿ ಸತ್ತದ್ದರ ಕತ್ತಿನ ಗರಿಗಳನ್ನು ಕೊಕ್ಕಿನಿಂದ ಮೆಲ್ಲಗೆ ತೀಡುತ್ತಿತ್ತು.

"ಮುಂಜಾನಿ ಎದ್ದು ನೋಡಿದ್ರ ಸತ್ತಿತ್ತು ಖಾಲಾ" ಎಂದು, ಊರಿನಿಂದ ಮರಳಿದ ಅವಳಿಗೆ ಸುಳ್ಳು ಹೇಳಿದೆ.

"ಅದಕ್ಕ ವಯಸ್ಸಾಗಿತ್ತು. ನೀ ಅಳಬ್ಯಾಡ" ಎಂದು ಅವಳು ನನ್ನನ್ನೇ ಸಮಾಧಾನಪಡಿಸಿದಳು.

ಹಳದಿ ಹಕ್ಕಿ ತಿನ್ನುವುದು ಬಿಟ್ಟಿತು. ಕೋಲಿನ ಒಂದು ತುದಿಯಲ್ಲಿ ಕೂತು, ತನ್ನ ಎದೆಯ ಗರಿಗಳನ್ನು ತಾನೇ ಕೀಳತೊಡಗಿತು. ಖಾಲಾ ನವಣೆ ನೆನೆಸಿ ಬೆರಳ ತುದಿಯಲ್ಲಿ ಹಿಡಿದು ಗಂಟೆಗಟ್ಟಲೆ ಕೂಡುತ್ತಿದ್ದಳು. ಗಿರಾಕಿಗಳ ಸೀರೆಗಳು ಹಾಗೇ ಬಿದ್ದಿರುತ್ತಿದ್ದವು. ಯಾರೋ ಹೇಳಿದರೆಂದು ಇನ್ನೊಂದು ಹಕ್ಕಿ ತಂದಳು; ಹಳದಿ ಅದಕ್ಕೆ ಬೆನ್ನು ಮಾಡಿ ಕೂತಿತು. ಎರಡು ದಿನ ನೋಡಿ ಹೊಸದನ್ನು ಮರಳಿ ಕೊಟ್ಟುಬಂದಳು.

ಅಕ್ಕನ ಮನೆಯಂಗಳದಲ್ಲಿ ಬೇವಿನ ಮರವಿದೆ, ಅಲ್ಲಿ ಗುಬ್ಬಿಗಳ ಸದ್ದಿಗಾದರೂ ಚೇತರಿಸಿಕೊಂಡೀತು ಎಂದು ಕೊನೆಗೆ ಕಮಲಾಪುರಕ್ಕೆ ಹೊರಟಳು. ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ಪಂಜರ ನನ್ನ ತೊಡೆಯ ಮೇಲಿತ್ತು.

"ಬೇಟಾ, ಆ ಹಸರದು ಕಡೀಕ ನೀರರ ಕುಡದಿತ್ತೇನು?" ಎಂದು ಕೇಳಿದಳು.

"ಹೂಂ ಖಾಲಾ, ಕುಡದಿತ್ತು."

"ಅಷ್ಟ ಸಾಕು" ಎಂದು ಕಣ್ಣು ಮುಚ್ಚಿಕೊಂಡಳು.

ಹಳದಿ ಹಕ್ಕಿ ಅಲ್ಲಿ ಒಂಬತ್ತು ದಿನ ಬದುಕಿತು. ಸುದ್ದಿ ತಿಳಿದು ಮತ್ತೆ ಹೋದೆ. ಅವಳು ಅಂಗಳದಲ್ಲಿ ಪಂಜರ ತೊಳೆಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಮಾಳಿಗೆ, ಬಿಸಿಲು, ಒಣಗಿದ ಬಟ್ಟಲು... ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವಳ ಕೈ ನಿಂತಿತು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಇದನ್ನ ನನಗ ಯಾಕ ಹೇಳಿದಿ?" ಎಂದಳು. ಪಂಜರದ ನೀರು ಬಸಿದು, "ಕಲಬುರಗಿ ಬಸ್ ಬರೋ ಟೈಮ್ ಆಗ್ಯಾದ" ಎಂದು ಒಳಗೆ ಹೋದಳು.

ಅಕ್ಕನ ಆರೈಕೆಗೆಂದು ಅವಳು ಅಲ್ಲೇ ಉಳಿದಳು. ಹಬ್ಬಕ್ಕೆಂದು ಎರಡು ಸಲ ಓಣಿಗೆ ಬಂದವಳು ನಮ್ಮ ಮನೆಗೆ ಮಾತ್ರ ಬರಲಿಲ್ಲ. ಹೋದ ವರ್ಷ ತೀರಿಕೊಂಡಳಂತೆ. ನನಗೆ ತಿಳಿದದ್ದು ಎರಡು ತಿಂಗಳಾದ ಮೇಲೆ.

ಎದೆ ಹಗುರ ಮಾಡಿಕೊಳ್ಳಲು ಹೋಗಿ, ಅವಳಿಗಿದ್ದ ಒಂದೇ ಸಮಾಧಾನವನ್ನೂ ಕಿತ್ತುಕೊಂಡು ಬಂದೆ. ಅವತ್ತು ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದ್ದೆ. ತಪ್ಪಾಯಿತು ಖಾಲಾ ಎಂಬುದೊಂದನ್ನು ಮಾತ್ರ ಹೇಳಿರಲಿಲ್ಲ.